ಪಾರ್ವತವ್ವ ಹೊಲಿದ ಚೀಲ

ಗೋಣಿಚೀಲವೊಂದನ್ನು ಕೈಗೆ ಕೊಟ್ಟರೆ ಸಾಕು, ಅದು ಎಲ್ಲೆಲ್ಲಿ ಸುತ್ತಿ ಬಂದಿದೆ ಎಂದು ಪಾರ್ವತವ್ವ ಮೂಸಿಯೇ ಹೇಳಿಬಿಡುತ್ತಾಳೆ. ಇದು ಕಾಳುಮೆಣಸಿನದ್ದು, ಇದು ಹಿಂಡಿಯದ್ದು, ಇದರಲ್ಲಿ ಯಾರೋ ಮಹಾನುಭಾವರು ಒಂದಿಡೀ ಮಳೆಗಾಲ ಇದ್ದಿಲು ತುಂಬಿಟ್ಟಿದ್ದರು, ಇದು ಅಡಿಕೆಯದ್ದೇ ಆದರೂ ನಡುವೆ ಒಂದಷ್ಟು ದಿನ ಇದರಲ್ಲಿ ಬೆಕ್ಕು ಮರಿ ಹಾಕಿತ್ತು! ಶಿರಸಿಯ ಅಡಿಕೆ ಯಾರ್ಡಿನ ಹಿಂದಿನ ಗೇಟಿನ ಬಳಿ, ನೀರಿನ ಟ್ಯಾಂಕಿನ ನೆರಳಲ್ಲಿ, ಕಾಲು ಚಾಚಿ ಕೂತು ಹರಿದ ಚೀಲಗಳಿಗೆ ತೇಪೆ ಹಾಕುವುದು ಅವಳ ಕೆಲಸ. ಮೂವತ್ತೊಂದು ವರ್ಷದಿಂದ ಅದೇ ನೆರಳು, ಅದೇ ದಬ್ಬಣ, ಹುರಿ ಎಳೆದೆಳೆದು ಬಲಗೈಯ ತೋರುಬೆರಳಲ್ಲಿ ಬಿದ್ದ ಅದೇ ಕರೀ ಗೆರೆ. ಅವಳು ಹಾಕಿದ ತೇಪೆಯ ಕೊನೆಯಲ್ಲಿ ಒಂದರ ಪಕ್ಕ ಒಂದು ಎರಡು ಗಂಟು ಇರುತ್ತವೆ. ಚೀಲ ಹರಿದರೂ ಆ ತೇಪೆ ಬಿಚ್ಚುವುದಿಲ್ಲ ಎಂದು ಹಮಾಲರೆಲ್ಲ ಹೇಳುತ್ತಾರೆ.

ಅದಕ್ಕೊಂದು ಕಾರಣವಿದೆ. ಹಾನಗಲ್ ಕಡೆಯ ಪಾರ್ವತವ್ವ ಹದಿನೇಳಕ್ಕೆ ಮದುವೆಯಾಗಿ ಶಿರಸಿಗೆ ಬಂದಾಗ ಅವಳ ಗಂಡ ಇದೇ ಯಾರ್ಡಿನಲ್ಲಿ ಹಮಾಲ. ಒಂದು ದಿನ ಅವನ ಬೆನ್ನ ಮೇಲಿದ್ದ ಚೀಲದ ತಳ ಕಿತ್ತು ಅಡಿಕೆಯೆಲ್ಲ ನೆಲಕ್ಕೆ ಸುರಿಯಿತು. ಆ ಅಡಿಕೆಯ ಮೇಲೇ ಕಾಲಿಟ್ಟು ಜಾರಿ ಬಿದ್ದವನು ಮತ್ತೆ ನೆಟ್ಟಗೆ ಎದ್ದು ನಿಲ್ಲಲಿಲ್ಲ. ಎರಡು ವರ್ಷ ಚಾಪೆಯ ಮೇಲಿದ್ದು ಹೋದ. ಆ ಎರಡು ವರ್ಷದಲ್ಲೇ ಅವಳು ದಬ್ಬಣ ಹಿಡಿದದ್ದು. ತನ್ನ ಕೈಯಿಂದ ಹೋದ ಚೀಲ ಇನ್ನೊಬ್ಬರ ಬೆನ್ನ ಮೇಲೆ ಹರಿಯಬಾರದು, ಅಷ್ಟೇ ಅವಳ ಹಟ. ಮಕ್ಕಳಿಲ್ಲ. ಯಾರ್ಡಿನ ಗೋಡೆಯಾಚೆ ಒಂದು ಕೋಣೆ, ಮುಂದೆ ಬಟ್ಟೆ ಒಗೆಯುವ ಸಿಮೆಂಟು ಕಟ್ಟೆ, ಹಿಂದೆ ಬಚ್ಚಲು. ಕೋಣೆಯ ಅರ್ಧ ಭಾಗ ತೇಪೆಗೆಂದು ಕತ್ತರಿಸಿಟ್ಟ ಗೋಣಿಯ ತುಂಡುಗಳದ್ದು, ಉಳಿದರ್ಧ ಅವಳದ್ದು.

ಬೀರ ಬಂದದ್ದು ಡಿಸೆಂಬರಿನಲ್ಲಿ, ಲಾರಿಯಲ್ಲಿ.

ಯಲ್ಲಾಪುರ ಕಡೆಯಿಂದ ಖಾಲಿ ಚೀಲಗಳ ಲೋಡು ಬಂದಿತ್ತು. ಹಮಾಲ ಬೈರ, ಗಂಡನ ಕಾಲದಿಂದ ಪಾರ್ವತವ್ವನನ್ನು ಬಲ್ಲವನು, ಬಾಯಲ್ಲಿ ಸದಾ ಎಲೆಯಡಿಕೆ ಮತ್ತು ಹಾಸ್ಯ ಎರಡನ್ನೂ ತುಂಬಿಕೊಂಡಿರುವವನು, ಒಂದೊಂದೇ ಕಟ್ಟು ಇಳಿಸುತ್ತಾ ಒಂದು ಚೀಲವನ್ನು ಅವಳ ಮುಂದೆ ದೊಪ್ಪೆಂದು ಹಾಕಲು ಹೋಗಿ, ಹಾಕದೆ, ಮೆಲ್ಲನೆ ಇಟ್ಟ.

"ಅವ್ವಾ, ಇದು ಖಾಲಿ ಚೀಲ ಅಲ್ಲ. ಇಲಿ ಸೇರ್ಕೊಂಡೈತಿ."

"ಇಷ್ಟು ತೂಕದ ಇಲಿ ನಿಮ್ಮನ್ಯಾಗ ಇರ್ತಾವೇನೋ?" ಎಂದಳು ಅವಳು. ಚೀಲದ ಬಾಯಿ ಹೊಲಿದಿತ್ತು. ಒಳಗಿನದು ಒಮ್ಮೆ ಅಲುಗಿ ಸುಮ್ಮನಾಯಿತು. ಪಾರ್ವತವ್ವ ಚೂರಿಯಿಂದ ಹುರಿ ಕತ್ತರಿಸಿದಳು.

ನಾಯಿಮರಿ! ಮೂರು ತಿಂಗಳಿನದಿರಬಹುದು, ಆದರೆ ಪಾದಗಳೋ, ಒಂದೊಂದೂ ಅವಳ ಮುಷ್ಟಿಯಷ್ಟು ದಪ್ಪ. ಕಂದು ಮೈ, ಅದರ ಮೇಲೆ ಕಪ್ಪು ಪಟ್ಟೆ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಯಾವುದೋ ಬಂಗಲೆಯ ದೊಡ್ಡ ಜಾತಿಯ ನಾಯಿಗೂ ಯಾವುದೋ ಬೀದಿಯ ನಾಯಿಗೂ ಹುಟ್ಟಿದ್ದು, ಬಂಗಲೆಯವರಿಗೂ ಬೇಡ, ಬೀದಿಗೂ ಬೇಡ. ಅದು ಬಿಸಿಲಿಗೆ ಬಂದದ್ದೇ ತಡ, ಎಲ್ಲರ ಕಾಲುಗಳ ನಡುವೆ ನುಸುಳಿ ಟ್ಯಾಂಕಿನ ಕೆಳಗಿನ ಕೆಸರಲ್ಲಿ ಮೈ ಒತ್ತಿ, ಕಣ್ಣು ಮುಚ್ಚಿ ಮಲಗಿಬಿಟ್ಟಿತು.

"ಏನು ಶೂರ, ಏನು ಧೀರ!" ಎಂದ ಬೈರ. "ಇವನ ಹೆಸರು ಬೀರ ಅಂತಿಡವ್ವಾ."

ಎಲ್ಲರೂ ನಕ್ಕರು. ಪಾರ್ವತವ್ವ ನಗಲಿಲ್ಲ. ಅವಳು ಚೀಲ ನೋಡುತ್ತಿದ್ದಳು. ಮರಿ ಒಳಗಿನಿಂದ ಕಚ್ಚಿ ಕಚ್ಚಿ ಒಂದು ಕಡೆ ಬಟ್ಟೆಯನ್ನು ಜಾಲರಿ ಮಾಡಿತ್ತು. ಹಳೆಯ ಚೀಲ, ಬೇರೆಲ್ಲಿ ಕಚ್ಚಿದ್ದರೂ ಹರಿದೇ ಹೋಗುತ್ತಿತ್ತು. ಆದರೆ ಅದು ಕಚ್ಚಿದ್ದು ಸರಿಯಾಗಿ ಒಂದು ತೇಪೆಯ ಮೇಲೆ. ತೇಪೆಯ ಅಂಚಿನಲ್ಲಿ ರಕ್ತ ಮತ್ತು ಜೊಲ್ಲು ಒಣಗಿತ್ತು. ಕೊನೆಯಲ್ಲಿ, ಒಂದರ ಪಕ್ಕ ಒಂದು, ಎರಡು ಗಂಟು.

ಅವಳು ಅದನ್ನು ಯಾರಿಗೂ ತೋರಿಸಲಿಲ್ಲ. ಚೀಲ ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡಳು.

ಆ ಸಂಜೆ ಬೀರನನ್ನು ಮನೆಗೆ ಎತ್ತಿಕೊಂಡು ಹೋದಳು. ಸಾಕಬೇಕು ಎಂದುಕೊಂಡಿರಲಿಲ್ಲ, ಆದರೆ ಬಿಟ್ಟುಬರುವುದು ಆಗಲಿಲ್ಲ. ಕೆಸರು ತೊಳೆದಳು, ಹಾಲನ್ನ ಇಟ್ಟಳು, ಆಮೇಲೆ ಆ ಚೀಲವನ್ನು ಸೋಪು ಹಾಕಿ ಒಗೆದು, ಒಣಗಿಸಿ, ಕಚ್ಚಿದ ಜಾಗಕ್ಕೆ ಹೊಸ ಹೊಲಿಗೆ ಹಾಕಿ, ಅವನಿಗೇ ಹಾಸಿಗೆ ಮಾಡಿದಳು. ಚೀಲವೊಂದನ್ನು ಬಿಸಾಡುವುದು ಅವಳಿಗೆ ಗೊತ್ತೇ ಇಲ್ಲ. ನಾಯಿಗೆ ಗೋಣಿಯನ್ನಲ್ಲದೆ ಇನ್ನೇನನ್ನು ಹಾಸುತ್ತಾರೆ? ಈ ಸೀಮೆಯಲ್ಲಿ ಬಾಗಿಲ ಬುಡದಲ್ಲಿ ಕಾಲೊರೆಸುವುದು ಗೋಣಿ, ಕರುವಿಗೆ ಹೊದೆಸುವುದು ಗೋಣಿ, ನೆಂಟರ ಸ್ಕೂಟರಿನ ಸೀಟು ಬಿಸಿಲಿಗೆ ಕಾಯದಂತೆ ಮುಚ್ಚುವುದೂ ಗೋಣಿ.

ಬೀರ ಅದರ ಮೇಲೆ ಒಂದು ದಿನವೂ ಮಲಗಲಿಲ್ಲ. ಅಂಗಳದ ತುದಿಯಲ್ಲಿ, ಬಟ್ಟೆ ಒಗೆಯುವ ಕಟ್ಟೆಯ ಬರೀ ಸಿಮೆಂಟಿನ ಮೇಲೆ ಮುದುಡಿಕೊಂಡ. ಪಾರ್ವತವ್ವ ತಟ್ಟೆ ಇಟ್ಟು ಒಳಗೆ ಹೋದರೆ ಉಣ್ಣುತ್ತಿದ್ದ, ಬಾಗಿಲಲ್ಲಿ ನಿಂತರೆ ಬಿಟ್ಟುಬಿಡುತ್ತಿದ್ದ. ಕೂಗುವುದು ಹೋಗಲಿ, ಕುಂಯ್ ಎಂದೂ ಅನ್ನುತ್ತಿರಲಿಲ್ಲ. ಒಂದು ತಿಂಗಳಲ್ಲಿ ಅವಳ ಮೊಣಕಾಲೆತ್ತರ ಬೆಳೆದ. ಹಮಾಲರು ಹೊರೆ ಹೊತ್ತು ಗೋಡೆಯ ಪಕ್ಕ ಹಾದುಹೋದರೆ ಸಾಕು, ಕುರುಡನ ಹಾಗೆ ಎತ್ತಲೋ ನುಗ್ಗುತ್ತಿದ್ದ, ಮತ್ತು ಆ 'ಎತ್ತಲೋ' ಯಾವಾಗಲೂ ರಸ್ತೆಯೇ ಆಗಿರುತ್ತಿತ್ತು. ಕಟ್ಟಿ ಹಾಕಿದರೆ ಹಗ್ಗ ಕುತ್ತಿಗೆ ಕೊಯ್ಯುವಂತೆ ಎಳೆಯುತ್ತಿದ್ದ. ಎರಡು ಸಲ ಲಾರಿಗಳು ಕಿರ್ರೆಂದು ನಿಂತವು. ಮೂರನೇ ಸಲ ಚಕ್ರ ಬಾಲದ ತುದಿಯ ಕೂದಲನ್ನು ಸವರಿಕೊಂಡು ಹೋಯಿತು.

"ಏ ಮುದುಕೀ, ನಾಯಿ ಸಾಕೂದಾದ್ರ ಸರಿ ಸಾಕು, ಇಲ್ಲಾಂದ್ರ ಯಾರಿಗರ ಕೊಡು!" ಎಂದು ಡ್ರೈವರ್ ಕೂಗಿದ.

ಬೈದರೂ ಅವನು ಹೇಳಿದ್ದು ನಿಜ. ನಾಲ್ಕನೇ ಸಲಕ್ಕೆ ಬೀರ ಉಳಿಯುವುದಿಲ್ಲ. ಪಾರ್ವತವ್ವ ಆವತ್ತೇ ಮಧ್ಯಾಹ್ನ ಗೇಟಿನೆದುರಿನ ಜೆರಾಕ್ಸ್ ಅಂಗಡಿಗೆ ಹೋದಳು.

ಅಂಗಡಿ ಶ್ರೀವಾಣಿಯದ್ದು. ನಲವತ್ತರ ಆಸುಪಾಸಿನ ಹೆಂಗಸು, ಸಿದ್ದಾಪುರ ತಾಲೂಕಿನ ದೊಡ್ಮನೆಯ ಕಡೆಯವಳು. ಒಂದು ಕೈಯಲ್ಲಿ ಆಧಾರ್ ಕಾರ್ಡು ಜೆರಾಕ್ಸ್ ಮಾಡುತ್ತಾ ಇನ್ನೊಂದು ಕೈಯಲ್ಲಿ ಹನ್ನೆರಡು ವಾಟ್ಸಾಪ್ ಗ್ರೂಪು ನಡೆಸುವವಳು. ಬೀರನ ಫೋಟೋ ತೆಗೆಯಲು ಅವಳೇ ಬಂದು ಅರ್ಧ ಗಂಟೆ ಕಟ್ಟೆಯ ಕೆಳಗೆ ಬಗ್ಗಿದಳು. ಸಿಕ್ಕಿದ್ದು ಒಂದು ಕಿವಿ ಮತ್ತು ಎರಡು ಪಾದ.

"ಪಾರ್ವತವ್ವ, ಇದು ನಾಯಿಯಾ ಆನೆಯಾ? ಪಾದ ನೋಡಿಯೇ ಜನ ಕೇಳ್ತಾರೆ, ನೋಡ್ತಾ ಇರು. ಎಲ್ಲ ಕಡೆ ಮಂಗನ ಕಾಟ, ದೊಡ್ಡ ನಾಯಿ ಅಂದ್ರೆ ಬೇಡ ಅನ್ನೋರು ಯಾರು?"

"ಮಂಗ್ಯಾನ್ನ ನೋಡಿದ್ರ ಇಂವನ ಓಡ್ತಾನ್ರಿ ಅಕ್ಕಾರ."

"ಅದು ಫೋಟೋದಲ್ಲಿ ಕಾಣುದಿಲ್ವಲ್ಲ!" ಎಂದು ಶ್ರೀವಾಣಿ ನಕ್ಕು, ಆಮೇಲೆ ಗಂಭೀರವಾಗಿ, "ಕಳಿಸುವಾಗ ಅವನ ವಾಸನೆ ಇರುವ ಬಟ್ಟೆ ಏನಾದ್ರೂ ಜೊತೆಗೆ ಕೊಡು. ಹೊಸ ಮನೇಲಿ ಅದರ ಮೇಲೆ ಮಲಗಿದ್ರೆ ಬೇಗ ಹೊಂದಿಕೊಳ್ತದಂತೆ. ನಾನೊಂದು ವಿಡಿಯೋದಲ್ಲಿ ನೋಡಿದ್ದೆ" ಎಂದಳು.

ಅವನ ವಾಸನೆ ಇರುವ ಬಟ್ಟೆ ಪಾರ್ವತವ್ವನ ಹತ್ತಿರ ಒಂದೇ ಇತ್ತು. ಮಗಳನ್ನು ಗಂಡನ ಮನೆಗೆ ಕಳಿಸುವವಳ ಹಾಗೆ ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಹುರಿ ಕಟ್ಟಿಟ್ಟಳು.

ಮೊದಲು ಕೇಳಿದವರು ಶ್ರೀವಾಣಿಯ ದೂರದ ಅಣ್ಣ, ದೊಡ್ಮನೆಯ ವಿಶ್ವೇಶ್ವರ ಹೆಗಡೆಯವರು. ಜೀಪು ತಂದು, ಮರಿಯ ಪಾದ ನೋಡಿ ಖುಷಿಪಟ್ಟು, ಚೀಲವನ್ನೂ ಮರ್ಯಾದೆಯಿಂದ ಇಸಿದುಕೊಂಡು ಹೋದರು. ಮೂರನೇ ದಿನ ಶ್ರೀವಾಣಿಯ ಫೋನು ಬಡಿದುಕೊಂಡಿತು. ಪಾರ್ವತವ್ವ ಅಲ್ಲೇ ಕೂತಿದ್ದಳು. ಶ್ರೀವಾಣಿ ಸ್ಪೀಕರ್ ಹಾಕಿದಳು.

"ತಂಗೀ, ಮಂಗನ್ನ ಓಡ್ಸದು ಹಾಂಗಿರ್ಲಿ, ಇದು ಯನ್ನ ಕಂಡ್ರೂ ಓಡ್ತು. ಜಗಲಿ ಮೇಲೆ ಬೆಚ್ಚಗೆ ಅದ್ರ ಗೋಣಿನೇ ಹಾಸಿದ್ದಿ. ಅದ್ರ ಹತ್ರಾನೂ ಬತ್ತಿಲ್ಲೆ. ಮೂರು ದಿನ ಆತು, ಬಾವಿಕಟ್ಟೆ ಹಿಂದೆ ಕೂತದ್ದು ಎದ್ದಿದ್ದಿಲ್ಲೆ, ಒಂದು ತುತ್ತು ಮುಟ್ಟಿದ್ದಿಲ್ಲೆ."

"ಇನ್ನೊಂದು ನಾಲ್ಕು ದಿನ ನೋಡಲಾಗ್ತಿಲ್ಯನಾ ಅಣ್ಣ?"

"ನೋಡಲಕ್ಕು. ಆದ್ರೆ ಅದು ಯನ್ನ ಮನೇಲಿ ಸತ್ರೆ ಯಂಗೆ ಅನ್ನ ಸೇರ್ತಿಲ್ಲೆ, ತಂಗಿ."

ಒಳ್ಳೆಯ ಮನುಷ್ಯ. ತಾವೇ ಜೀಪಿನಲ್ಲಿ ತಂದು ಬಿಟ್ಟು, ಚೀಲವನ್ನೂ ವಾಪಸು ಕೊಟ್ಟು, ಪಾರ್ವತವ್ವನ ಮುಖ ನೋಡಲಾರದೆ ಹೊರಟುಹೋದರು.

ಎರಡನೆಯದು ಯಲ್ಲಾಪುರದ ಚೇತನಾ. ಹೆದ್ದಾರಿಯ ಬದಿ ಖಾನಾವಳಿ ನಡೆಸುವ ಗಟ್ಟಿ ಹೆಂಗಸು, ನಾಯಿಗಳೆಂದರೆ ಜೀವ. ಅವಳು ಹನ್ನೊಂದು ದಿನ ಇಟ್ಟುಕೊಂಡಳು. ಹನ್ನೊಂದು ದಿನವೂ ಬೀರ ಅವಳ ಹೊಸ್ತಿಲು ದಾಟಲಿಲ್ಲ. ಹೊಸ್ತಿಲ ಈಚೆ ಕಾಲೊರೆಸುವ ಗೋಣಿ, ಆಚೆ ಪಾರ್ವತವ್ವ ಕಳಿಸಿದ ಹಾಸಿಗೆ! ಅವನು ಜಾಗ ಹುಡುಕಿಕೊಂಡದ್ದು ನಿಂತ ಲಾರಿಗಳ ಚಕ್ರದ ನಡುವೆ. ಹನ್ನೆರಡನೇ ದಿನ ಚೇತನಾ ಗಂಡನ ಬೈಕಿನ ಹಿಂದೆ ಕೂತು, ಬೀರನನ್ನು ಅದೇ ಚೀಲದೊಳಗೆ ಕುತ್ತಿಗೆಯವರೆಗೆ ಇಳಿಸಿ, ಅವನ ಮುಖಕ್ಕೂ ಸೆರಗು ಮುಚ್ಚಿ ಶಿರಸಿಗೆ ತಂದಳು. ನಾಯಿಯ ಊರು ಬದಲಿಸುವಾಗ ಹಾಗೇ ಒಯ್ಯುವುದು ವಾಡಿಕೆ. ದಾರಿ ಕಂಡರೆ ವಾಪಸು ಬರುತ್ತದೆ, ಹೆದ್ದಾರಿಯಲ್ಲಿ ಬಂದರೆ ಸಾಯುತ್ತದೆ.

"ದಿನಕ್ಕೆ ನೂರು ಲಾರಿ ನಿಲ್ತವೆ ನಮ್ಮಲ್ಲಿ, ಅವ್ವಾ. ಪ್ರತಿ ಲಾರಿ ಹೊರಡುವಾಗ ನಂಗೆ ಎದೆ ಹೊಡ್ಕಳ್ತದೆ. ಆಗುದಿಲ್ಲ ನನ್ನ ಕೈಲಿ" ಎಂದು ಚೇತನಾ ಅತ್ತಳು. ಚೀಲ ನೆಲಕ್ಕಿಟ್ಟಾಗ ಬೀರ ಹೊರಗೆ ಬರಲೇ ಇಲ್ಲ. ಒಳಗೇ ಉಚ್ಚೆ ಹೊಯ್ದುಕೊಂಡು, ಕಣ್ಣು ಮುಚ್ಚಿ, ಸತ್ತವನ ಹಾಗೆ ಬಿದ್ದಿದ್ದ. ಪಾರ್ವತವ್ವ ಅವನನ್ನು ಎತ್ತಿ ಸಿಮೆಂಟಿನ ಮೇಲೆ ಇಟ್ಟಳು. ಅವನ ಎದೆ ಅವಳ ಅಂಗೈಯೊಳಗೆ ಹಕ್ಕಿಯ ಎದೆಯಂತೆ ಬಡಿಯುತ್ತಿತ್ತು. ಇಷ್ಟು ದೊಡ್ಡ ಮೈಗೆ ಇಷ್ಟು ಸಣ್ಣ ಎದೆಬಡಿತ!

"ಹುಟ್ಟಾ ಅಂಜುಬುರುಕ. ಇದಕ್ಕ ಮನಿ ಸಿಗೂದಿಲ್ಲ ಬಿಡವ್ವಾ" ಎಂದ ಬೈರ. ಈ ಸಲ ಅವನೂ ನಗಲಿಲ್ಲ.

ಮಾರನೇ ದಿನ ಪಾರ್ವತವ್ವನಿಗೆ ಜ್ವರ ಬಂತು. ಮೂವತ್ತೊಂದು ವರ್ಷದಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಸಲ ಮಾತ್ರ ತಪ್ಪಿಸಿದ ಕೆಲಸವನ್ನು ಅವಳು ನಾಲ್ಕು ದಿನ ತಪ್ಪಿಸಿದಳು. ಒಳಗೆ ಗೋಣಿಯ ಧೂಳಿಗೆ ಕೆಮ್ಮು ಹೆಚ್ಚಾಗುತ್ತದೆಂದು ಶ್ರೀವಾಣಿ ಅವಳನ್ನು ಅಂಗಳದ ಬಿಸಿಲಲ್ಲಿ ಮಂಚ ಹಾಕಿ ಮಲಗಿಸಿ, ಬಿಸಿನೀರಲ್ಲಿ ಮೈ ಒರೆಸಿ, ತನ್ನದೇ ಒಂದು ಹಳೆಯ ಸೀರೆ ಉಡಿಸಿ, ಮೇಲೆ ಮನೆಯಿಂದ ತಂದ ಉಣ್ಣೆಯ ಶಾಲು ಹೊದೆಸಿ ಹೋಗುತ್ತಿದ್ದಳು.

ಎರಡನೇ ದಿನ ಬೀರ ಕಟ್ಟೆಯಿಂದ ಇಳಿದ. ಮೂರನೇ ದಿನ ಮಂಚದಿಂದ ಒಂದು ಮಾರು ದೂರದಲ್ಲಿ ಕೂತು ಅವಳನ್ನೇ ನೋಡಿದ. ನಾಲ್ಕನೇ ದಿನ ಮಧ್ಯಾಹ್ನ ಕಾಲ ಬಳಿ ಏನೋ ಬೆಚ್ಚಗಾದಂತಾಗಿ ಪಾರ್ವತವ್ವ ಕಣ್ಣು ತೆರೆದಳು. ಬೀರ ತನ್ನ ದೊಡ್ಡ ತಲೆಯನ್ನು ಅವಳ ಪಾದದ ಮೇಲಿಟ್ಟು ಮಲಗಿದ್ದ. ಅವಳು ಉಸಿರನ್ನೂ ಹಿಡಿದು ಹಿಡಿದು ಬಿಟ್ಟಳು. ಒಂದು ನೊಣ ಬಂದು ಹಣೆಯ ಮೇಲೆ ಕೂತರೂ ಓಡಿಸಲಿಲ್ಲ.

ಐದನೇ ದಿನ ಕೆಲಸಕ್ಕೆ ಹೋದಳು. ಸಂಜೆ ಬರುವಾಗ ಬೇಕೆಂದೇ ಎರಡು ಬನ್ನು ತಂದಳು, ಈಗ ಗುರುತಾಗಿದೆಯಲ್ಲ, ಕೈಯಿಂದಲೇ ತಿನ್ನುತ್ತಾನೆ ಎಂದು. ಬೀರ ಅವಳ ಹೆಜ್ಜೆ ಕೇಳಿ ಎದ್ದ, ಬಾಲವನ್ನೂ ಒಂದು ಸಲ ಅಲ್ಲಾಡಿಸಿದ. ಎರಡು ಹೆಜ್ಜೆ ಮುಂದೆ ಬಂದ. ಗಾಳಿ ಅವಳ ಕಡೆಯಿಂದ ಬೀಸುತ್ತಿತ್ತು. ಅವನ ಮೂಗು ಅಲುಗಿತು, ಕಾಲುಗಳು ಕುಸಿದವು. ನಿಂತಲ್ಲೇ ಉಚ್ಚೆ ಹೊಯ್ದುಕೊಂಡು, ಹೊಟ್ಟೆ ಎಳೆದುಕೊಂಡು ಹಿಂದೆ ಹಿಂದೆ ಹೋಗಿ ಕಟ್ಟೆಯ ಕೆಳಗೆ ಸೇರಿದ.

ಪಾರ್ವತವ್ವ ಬನ್ನು ಹಿಡಿದ ಕೈಯನ್ನು ಮೆಲ್ಲಗೆ ತನ್ನ ಮೂಗಿನ ಬಳಿ ತಂದಳು.

ಊರಿನ ಎಲ್ಲ ಚೀಲಗಳನ್ನೂ ಮೂಸಿ ಹೇಳುವವಳು ತನ್ನ ಕೈಯನ್ನು ಮೂಸಿ ನೋಡಿದ್ದು ಅದೇ ಮೊದಲು. ಗೋಣಿ. ಉಗುರಿನ ಸಂದಿಯಲ್ಲಿ ಗೋಣಿ, ಸೆರಗಿನಲ್ಲಿ ಗೋಣಿ, ಕೂದಲಲ್ಲಿ ಗೋಣಿ. ಮನುಷ್ಯರನ್ನು ಕಂಡು ಹೆದರುತ್ತಾನೆ ಎಂದುಕೊಂಡಿದ್ದರು ಎಲ್ಲರೂ. ಅವನು ಹೆದರುತ್ತಿದ್ದದ್ದು ಇದಕ್ಕೆ. ಯಾವ ಚೀಲದೊಳಗೆ ಕತ್ತಲಲ್ಲಿ ಒದ್ದಾಡಿದ್ದನೋ ಅದನ್ನೇ ಒಗೆದು, ಹೊಲಿದು, ಹಾಸಿಗೆ ಎಂದು ಕೊಟ್ಟಿದ್ದಳು ಅವಳು. ಅದನ್ನೇ ಮಡಚಿ ಹುರಿ ಕಟ್ಟಿ, ಹೋದ ಮನೆಗೆಲ್ಲ ಅವನ ಬೆನ್ನಿಗೇ ಕಳಿಸಿದ್ದಳು. ಅದರೊಳಗೇ ಅವನು ವಾಪಸು ಬಂದಿದ್ದ.

ಅವಳು ಬನ್ನನ್ನು ದೂರದಿಂದ ಉರುಳಿಸಿ, ಒಳಗೆ ಹೋಗಿ ಕೂತಳು. ಸುತ್ತ ಗೋಣಿಯ ರಾಶಿ.

ಮಾರನೇ ದಿನ ಟ್ಯಾಂಕಿನ ನೆರಳಲ್ಲಿ ಬೈರನಿಗೆ ಎಲ್ಲವನ್ನೂ ಹೇಳಿದಳು, ಆ ಎರಡು ಗಂಟಿನ ವಿಷಯವನ್ನೂ ಬಿಡದೆ.

ಬೈರ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ. "ಮತ್ತೇನ್ ಮಾಡ್ತಿ? ನಾಯಿ ಸಲುವಾಗಿ ಕೆಲಸ ಬಿಡ್ತಿಯೇನು?"

"ನಿನ್ನಿ ರಾತ್ರಿ ಪೂರಾ ಅದನ್ನ ವಿಚಾರ ಮಾಡ್ದೆ."

"ಹುಚ್ಚಿ ಏನವ್ವಾ ನೀ!"

"ಬಿಟ್ರ ನನಗ ಬ್ಯಾರೆ ಏನ್ ಬರ್ತೈತೋ ಬೈರಾ? ಬಿಟ್ರೂ ಈ ವಾಸನಿ ಹೋಗೂದಿಲ್ಲ. ಸತ್ತು ಸುಟ್ರೂ ಗೋಣಿ ವಾಸನಿನ ಬರ್ತೈತಿ ನನ್ನಿಂದ." ಅವಳು ದಬ್ಬಣಕ್ಕೆ ಹುರಿ ಪೋಣಿಸಿದಳು. "ನನ್ನ ಮನ್ಯಾಗ ಅಂವ ಬದುಕೂದಿಲ್ಲ. ಬದುಕೂ ಮನಿ ಹುಡುಕಬೇಕು. ಬ್ಯಾಗನ ಹುಡುಕಬೇಕು."

ಶ್ರೀವಾಣಿ ಹೊಸ ಚೀಟಿ ಬರೆದು ಅಂಗಡಿಯ ಗಾಜಿಗೆ ಅಂಟಿಸಿದಳು. ಕಿವಿ ಮತ್ತು ಪಾದದ ಫೋಟೋ, ಅದರ ಕೆಳಗೆ: 'ದೊಡ್ಡ ನಾಯಿಮರಿ. ಕೂಗುವುದಿಲ್ಲ. ತುಂಬಾ ಹೆದರುತ್ತದೆ. ಗೋಣಿಚೀಲ ಕಣ್ಣಿಗೆ ಬೀಳದ ಮನೆ ಬೇಕು.' ಓದಿದವರೆಲ್ಲ ನಕ್ಕು ಹೋದರು. ಅಡಿಕೆಯ ಸೀಮೆಯಲ್ಲಿ ಗೋಣಿ ಇಲ್ಲದ ಮನೆ! ಎಂಟು ದಿನ ಕಳೆಯಿತು. ಎಂಟು ದಿನವೂ ಪಾರ್ವತವ್ವ ಕೆಲಸದ ನಡುವೆ ರಸ್ತೆಯಲ್ಲಿ ಬ್ರೇಕಿನ ಸದ್ದು ಕೇಳಿದಾಗಲೆಲ್ಲ ದಬ್ಬಣ ಹಿಡಿದುಕೊಂಡೇ ಎದ್ದು ನಿಲ್ಲುತ್ತಿದ್ದಳು.

ಒಂಬತ್ತನೇ ದಿನ, ಪಹಣಿ ಜೆರಾಕ್ಸ್ ಮಾಡಿಸಲು ಬಂದ ಹೆಂಗಸೊಬ್ಬಳು ಆ ಚೀಟಿಯ ಮುಂದೆ ನಿಂತು ಎರಡು ಸಲ ಓದಿದಳು. ನಿಲ್ಕುಂದದ ದ್ಯಾವಮ್ಮ, ಗದ್ದೆ, ಹುಲ್ಲುಬೇಣದ ಕೆಲಸದಲ್ಲಿ ಒಣಗಿದ ಗಟ್ಟಿ ಮೈ, ಮುಡಿಯಲ್ಲಿ ಅಬ್ಬಲಿಗೆ ಹೂ. ಶ್ರೀವಾಣಿ ಅವಳನ್ನು ಕೂಡಿಸಿ ಪಾರ್ವತವ್ವನನ್ನು ಕರೆಸಿದಳು.

"ಹೆದ್ರತದಂತಲ್ಲ, ಹೌದಾ?" ಎಂದಳು ದ್ಯಾವಮ್ಮ.

ಈ ಸಲ ಏನನ್ನೂ ಮುಚ್ಚಿಡಬಾರದೆಂದು ಪಾರ್ವತವ್ವ ನಿರ್ಧರಿಸಿದ್ದಳು. "ಭಾಳ ಅಂಜ್ತಾನ್ರಿ. ಮಂಗ್ಯಾ ಓಡ್ಸೂದಿಲ್ಲ, ಕಳ್ಳನ್ನ ಹಿಡಿಯೂದಿಲ್ಲ. ಬರೇ ಉಣ್ಣಾಕ ಒಂದು ಹೊಟ್ಟಿ."

"ಹಂಗಾರೆ ಅದೇ ಬೇಕು ನಂಗೆ."

ಪಾರ್ವತವ್ವನೂ ಶ್ರೀವಾಣಿಯೂ ಮುಖ ಮುಖ ನೋಡಿಕೊಂಡರು.

"ನಮ್ಮನೆ ಹಿಂದಿನ ನಾಯಿ ಭಾರೀ ಧೈರ್ಯದ್ದಾಗಿತ್ತು" ಎಂದಳು ದ್ಯಾವಮ್ಮ, ಪಹಣಿಯನ್ನು ಮಡಚುತ್ತಾ. "ಊರೆಲ್ಲ ಹೊಗಳ್ತಿತ್ತು. ಒಂದಿನ ಕೊಟ್ಟಿಗೆ ಹಿಂದೆ ಚಿರತೆ ಬಂತು. ಬೇರೆ ಮನೆ ನಾಯಿ ಎಲ್ಲ ಒಳಗೆ ಹೊಕ್ಕಂಡ್ವು. ನಮ್ಮದು ಎದುರು ಹೋಯ್ತು. ಬೆಳಿಗ್ಗೆ ಕೊರಳ ಪಟ್ಟಿ ಒಂದೇ ಸಿಕ್ತು ನಮ್ಮ ಮನೆಯವ್ರಿಗೆ. ಧೈರ್ಯದ ನಾಯಿ ಸಾಕಿ ಸಾಕಾಯ್ತಮ್ಮ. ಹೆದ್ರಿ ಒಳಗೆ ಬಂದು ಒಲೆ ಬುಡದಲ್ಲಿ ಮಲಗೋದು ಇದ್ರೆ ಕೊಡಿ."

"ಗೋಣಿ...?" ಎಂದಳು ಪಾರ್ವತವ್ವ. ಶ್ರೀವಾಣಿಯೇ ಎಲ್ಲ ವಿವರಿಸಿದಳು.

ದ್ಯಾವಮ್ಮ ಹೂಂ ಎಂದು ಸುಲಭಕ್ಕೆ ಅನ್ನಲಿಲ್ಲ, ಅದೇ ಪಾರ್ವತವ್ವನಿಗೆ ಹಿಡಿಸಿದ್ದು. "ಭತ್ತ ಕಣಜದಲ್ಲೇ ಇರ್ತದೆ. ಬಾಗ್ಲಲ್ಲಿರೋ ಗೋಣಿ ತೆಗೆದು ಹಳೇ ಪಂಚೆ ಹಾಕ್ಲಕ್ಕು. ಉಳಿದಿದ್ದು ಅಟ್ಟಕ್ಕೆ ಏರಿಸ್ತೆ. ನಮ್ಮ ಮನೆಯವ್ರು, ಹುಚ್ಚ ಅಂತ ಅವ್ರ ಹೆಸ್ರು, ಗೊಣಗ್ತ್ರು. ಅವ್ರು ಎಂತಕ್ಕೆ ಗೊಣಗುದಿಲ್ಲ ಹೇಳಿ? ಗೊಣಗ್ತಾನೇ ಏರಿಸಿ ಕೊಡ್ತ್ರು."

ಒಯ್ಯುವುದು ಶುಕ್ರವಾರ ಎಂದಾಯಿತು.

ಶುಕ್ರವಾರ ಪಾರ್ವತವ್ವ ಕೆಲಸಕ್ಕೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ಬಚ್ಚಲ ಒಲೆಯ ಮುಂದೆ ಕೂತು, ಆ ಚೀಲವನ್ನು ತೊಡೆಯ ಮೇಲೆ ಹರಡಿಕೊಂಡಳು. ತೇಪೆಯ ಕೊನೆಯ ಎರಡು ಗಂಟಿನ ಮೇಲೆ ಬೆರಳಾಡಿಸಿದಳು. ಬಿಚ್ಚೋಣವೆಂದು ಉಗುರು ಹಾಕಿದಳು, ಬಿಚ್ಚಲಿಲ್ಲ. ಇಲ್ಲಿಯವರೆಗೆ ಒಂದು ಚೀಲವನ್ನೂ ಬಿಸಾಡದವಳು ಅದನ್ನು ಇಡಿಯಾಗಿ ಒಲೆಗೆ ತುರುಕಿ ಬೆಂಕಿ ಹಚ್ಚಿದಳು. ಅದರ ಉರಿಯಲ್ಲೇ ನೀರು ಕಾಯಿತು. ಆ ನೀರಲ್ಲಿ ಸೀಗೆಪುಡಿ ಹಾಕಿ ತಲೆ, ಮೈ, ಮತ್ತೆ ಮತ್ತೆ ಕೈ ತಿಕ್ಕಿಕೊಂಡಳು, ಬೆರಳ ಕರೀ ಗೆರೆ ಕೆಂಪಾಗುವವರೆಗೂ. ಜ್ವರದಲ್ಲಿ ಶ್ರೀವಾಣಿ ಉಡಿಸಿದ್ದ ಸೀರೆಯನ್ನೇ ಉಟ್ಟಳು. ಅಂಗಳಕ್ಕೆ ಬಂದು, ಕಟ್ಟೆಯ ಹತ್ತಿರ ನೆಲದಲ್ಲಿ ಕೂತು ಕೈ ಚಾಚಿದಳು.

ಬೀರ ತುಂಬಾ ಹೊತ್ತು ಮೂಸಿದ. ನಡುಗಿದ. ಓಡಲಿಲ್ಲ.

ಬಾಡಿಗೆಯ ಓಮ್ನಿ ಬಂದಾಗ ಅವಳೇ ಅವನನ್ನು ಎತ್ತಿಕೊಂಡಳು. ಈಗ ಅವನು ಒಂದು ಹೊರೆಯಷ್ಟು ಭಾರ. ನಾಲ್ಕು ಕಾಲೂ ಅತ್ತಿತ್ತ ಜೋತಾಡುತ್ತಿದ್ದವು, ತಲೆ ಅವಳ ಹೆಗಲ ಮೇಲಿತ್ತು. ಸೀಟಿನಲ್ಲಿ ದ್ಯಾವಮ್ಮ ತನ್ನ ಹಳೆಯ ಸೀರೆ ಹಾಸಿದ್ದಳು. ಮುಖ ಮುಚ್ಚುವುದು ಬೇಡ, ದಾರಿ ನೋಡಿಕೊಂಡೇ ಹೋಗಲಿ ಎಂದಳು ಪಾರ್ವತವ್ವ. ದ್ಯಾವಮ್ಮ ಒಪ್ಪಿದಳು. ನಾಯಿಯನ್ನು ಬರಿಗೈಯಲ್ಲಿ ಇಸಿದುಕೊಳ್ಳಬಾರದೆಂದು ಒಂದು ಬಾಟಲಿ ಜೋನಿಬೆಲ್ಲವನ್ನು ಅವಳ ಕೈಯಲ್ಲಿಟ್ಟಳು.

"ನೋಡ್ಲಿಕ್ಕೆ ಬನ್ನಿ" ಎಂದಳು.

"ಬರ್ತೀನ್ರಿ. ಆದ್ರ ಈಗ ಬ್ಯಾಡ. ಮದ್ಲ ಅಂವಾ ನಿಮ್ಮಂವ ಆಗ್ಲಿ."

ಓಮ್ನಿ ತಿರುವಿನಲ್ಲಿ ಮರೆಯಾದ ಮೇಲೂ ಅವಳು ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡೇ ನಿಂತಿದ್ದಳು, ಇನ್ನೂ ಏನನ್ನೋ ಎತ್ತಿಕೊಂಡಿರುವವಳ ಹಾಗೆ.

ಆಮೇಲೆ ಫೋನಿನಲ್ಲಿ ಸುದ್ದಿ ಬರುತ್ತಿತ್ತು, ಶ್ರೀವಾಣಿಯ ಮೂಲಕ. ಉಣ್ಣುತ್ತಾನೆ. ಒಲೆಯ ಬುಡದಲ್ಲಿ ಮಲಗುತ್ತಾನೆ. ಹುಚ್ಚನ ಹಿಂದೆ ಗದ್ದೆಯವರೆಗೆ ಹೋಗುತ್ತಾನೆ, ಹುಚ್ಚ ಕೆಮ್ಮಿದರೆ ವಾಪಸು ಓಡಿ ಬರುತ್ತಾನೆ. ಇನ್ನೂ ಒಂದು ಸಲವೂ ಕೂಗಿಲ್ಲ. ಮೂಗನೇ ಇರಬೇಕು ಎಂದು ಹುಚ್ಚ ಗೊಣಗುತ್ತಾನಂತೆ.

ಯುಗಾದಿಗೆ ಯಾರ್ಡಿಗೆ ರಜೆ. ಪಾರ್ವತವ್ವ ಎರಡು ದಿನ ಸೀಗೆಪುಡಿಯಲ್ಲಿ ಸ್ನಾನ ಮಾಡಿ, ಪೆಟ್ಟಿಗೆಯಿಂದ ಹೊಸ ಸೀರೆ ತೆಗೆದು ಬಿಸಿಲಿಗೆ ಹಾಕಿ ಉಟ್ಟು, ಸಿದ್ದಾಪುರದಲ್ಲಿ ಬಸ್ಸು ಬದಲಿಸಿ ನಿಲ್ಕುಂದಕ್ಕೆ ಹೋದಳು. ಕೈಯಲ್ಲಿ ಎರಡು ಬನ್ನು, ಬಟ್ಟೆಯ ಚೀಲದಲ್ಲಿ. ಬಸ್ಸಿನಲ್ಲಿ ಎರಡು ಮೂರು ಸಲ ಅಂಗೈ ಮೂಸಿ ನೋಡಿಕೊಂಡಳು. ಸೀಗೆಯದೇ ವಾಸನೆ, ಎಂದುಕೊಂಡಳು.

ಬೇಲಿಯ ದಾರಿಗೆ ಅಡ್ಡ ಗಳು ಹಾಕಿದ ದಣಪೆಯ ಹತ್ತಿರ ನಿಂತು, "ದ್ಯಾವಮ್ಮಾರ" ಎಂದು ಕರೆದಳು.

ಅಂಗಳದಲ್ಲಿ ದ್ಯಾವಮ್ಮ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಅವಳ ಹಿಂದಿನಿಂದ ಎದ್ದು ಬಂದದ್ದನ್ನು ನೋಡಿ ಪಾರ್ವತವ್ವನಿಗೆ ಮೊದಲು ಕರುವೇ ಎನ್ನಿಸಿತು. ಎಷ್ಟು ಎತ್ತರ! ಮೈ ಮಿರಿಮಿರಿ ಹೊಳೆಯುತ್ತಿತ್ತು. ಒಂದು ಕಿವಿ ಈಗಲೂ ಜೋಲು. ಅವನು ಗಾಳಿಗೆ ಮೂಗು ಎತ್ತಿದ.

ಅವನ ಕಾಲು ನಡುಗಿದ್ದು ಅಷ್ಟು ದೂರದಿಂದಲೂ ಅವಳಿಗೆ ಕಂಡಿತು. ಹೊಟ್ಟೆ ನೆಲಕ್ಕೆ ಇಳಿಯತೊಡಗಿತು. ಒಳಗೆ ಓಡುತ್ತಾನೆ ಎಂದುಕೊಂಡಳು. ಅವನು ಒಮ್ಮೆ ಬಾಗಿಲ ಕಡೆ ನೋಡಿದ, ಒಮ್ಮೆ ದ್ಯಾವಮ್ಮನ ಕಡೆ. ಆಮೇಲೆ ನಡುಗುತ್ತಲೇ ನಾಲ್ಕು ಹೆಜ್ಜೆ ಮುಂದೆ ಬಂದು, ದ್ಯಾವಮ್ಮನಿಗೂ ದಣಪೆಗೂ ನಡುವೆ ಅಡ್ಡ ನಿಂತು, ಬಾಯಿ ತೆರೆದ.

ಕೂಗಿದ! ಗುಡ್ಡಕ್ಕೆ ತಾಗಿ ವಾಪಸು ಬರುವಂಥ, ಎದೆಯ ತಳದಿಂದ ಎದ್ದು ಬಂದ ದೊಡ್ಡ ಕೂಗು. ಅವನಿಗೇ ಹೆದರಿಕೆಯಾಗಿರಬೇಕು, ಒಂದು ಗಳಿಗೆ ನಿಲ್ಲಿಸಿದ. ಮತ್ತೆ ಕೂಗಿದ, ಮತ್ತೆ ಮತ್ತೆ.

"ಅಯ್ಯಯ್ಯೋ, ಬೀರ ಕೂಗ್ತು! ಹೋಯ್, ಕೇಳಿದ್ರಾ? ಬೀರ ಕೂಗ್ತು!" ದ್ಯಾವಮ್ಮ ಒಳಗಿದ್ದ ಗಂಡನಿಗೆ ಹೇಳುತ್ತಾ ಎದ್ದವಳು, ದಣಪೆಯ ಕಡೆ ನೋಡಿ, ಯಾರೆಂದು ತಿಳಿದು, ನಾಚಿಕೆಯಿಂದ ಕುಗ್ಗಿಹೋದಳು. "ಏ, ಸುಮ್ನಿರಾ! ನಿನ್ನ ಬದುಕಿಸಿದವ್ರು ಅವ್ರು, ಅವ್ರಿಗೇ ಕೂಗ್ತ್ಯನಾ?"

"ಬೈಬ್ಯಾಡ್ರಿ" ಎಂದಳು ಪಾರ್ವತವ್ವ. ಅವಳು ದಣಪೆ ದಾಟಿರಲಿಲ್ಲ. "ಕೂಗ್ಲಿ ಬಿಡ್ರಿ. ಅಂವನ ಮನಿ ಐತಿ."

ದ್ಯಾವಮ್ಮ ಎಷ್ಟು ಕರೆದರೂ ಅವಳು ಒಳಗೆ ಹೋಗಲಿಲ್ಲ. ದಣಪೆಯ ಹೊರಗಿನ ಕಲ್ಲಿನ ಮೇಲೆ ಕೂತೇ ಚಹಾ ಕುಡಿದಳು. ಹುಚ್ಚ ಬಂದು, ಇಷ್ಟು ದಿನ ಮೂಗ ಎಂದಿದ್ದೆ, ಇನ್ನು ಬಾಯಿ ಮುಚ್ಚಿಸುವುದು ಹೇಗೆ ಎಂದು ಗೊಣಗಿದ. ಪಾರ್ವತವ್ವ ಬನ್ನಿನ ಚೀಲವನ್ನು ದ್ಯಾವಮ್ಮನ ಕೈಗೆ ಕೊಟ್ಟು, "ನೀವ ಹಾಕ್ರಿ, ನಾ ಹ್ವಾದ ಮ್ಯಾಲೆ" ಎಂದಳು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದ್ದರೂ ಎದ್ದಳು. ರಸ್ತೆಯ ತಿರುವಿನವರೆಗೂ ಆ ಕೂಗು ಅವಳ ಹಿಂದೆ ಬಂತು. ಅವಳು ಕೇಳುತ್ತಾ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ, ಆದಷ್ಟು ನಿಧಾನ ನಡೆದಳು.

ಮಾರನೇ ದಿನ ಟ್ಯಾಂಕಿನ ನೆರಳಲ್ಲಿ ಬೈರ ಒಂದು ಕಟ್ಟು ಹರಿದ ಚೀಲ ತಂದು ಅವಳ ಮುಂದೆ ಇಳಿಸಿದ.

"ಹೋಗಿದ್ದಿಯಂತಲ್ಲ ಅವ್ವಾ? ಬೀರ ನಿನ್ನ ಗುರ್ತು ಹಿಡದ್ನೇನು?"

ಪಾರ್ವತವ್ವ ಮೇಲಿನ ಚೀಲವನ್ನು ಎಳೆದುಕೊಂಡು, ಹರುಕು ಎಲ್ಲಿದೆ ಎಂದು ಬೆಳಕಿಗೆ ಹಿಡಿದು ನೋಡಿದಳು.

"ಹಿಡದ" ಎಂದಳು. "ಚಲೋತ್ನಾಗ ಹಿಡದ."